ಯಾಕೆ ಹಿಡಿದಿರಿ? ಬರೆದು ಕೊಡಿ, ನಮ್ಮ ಭಾಷೆಯಲ್ಲಿ ಕೊಡಿ!



ನಾನು ಅಚ್ಚು ಹಾಕುವವನು. ಮದುವೆ ಕಾಗದ, ಜಾತ್ರೆಯ ಪೋಸ್ಟರ್, ಅಂಗಡಿಯವರ ಬಿಲ್ ಬುಕ್ಕು, ಸಂಘದವರ ಹ್ಯಾಂಡ್‌ಬಿಲ್ಲು, ಇದೇ ನನ್ನ ಅನ್ನ. ಅಪ್ಪನ ಕಾಲದಲ್ಲಿ ಟ್ರೆಡಲ್ ಮೆಷಿನ್ನು, ಸೀಸದ ಮೊಳೆ. ನನ್ನ ಕಾಲಕ್ಕೆ ಆಫ್‌ಸೆಟ್ಟು, ಡಿಟಿಪಿ. ಮೆಷಿನ್ನು ಬದಲಾದರೂ ಒಂದು ಪದ್ಧತಿ ಬದಲಾಗಿಲ್ಲ. ಕಾಗದದ ಬುಡದಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಪ್ರೆಸ್ಸಿನ ಹೆಸರು ಮತ್ತು ಊರು ಇರಲೇಬೇಕು. ಅದಿಲ್ಲದೆ ಪ್ಲೇಟು ಮೆಷಿನ್ನಿಗೆ ಏರುವಂತಿಲ್ಲ ಎಂದು ಅಪ್ಪ ಕಲಿಸಿದ್ದು.

ಇದು ಅಪ್ಪ ಮಾಡಿದ ನಿಯಮವಲ್ಲ. ಬ್ರಿಟಿಷರು 1867ರಲ್ಲಿ ಮಾಡಿದ ಕಾನೂನು. ಅಚ್ಚಾದ ಕಾಗದ ಯಾರ ಕೈಗೆ ಸಿಕ್ಕಿದರೂ ಅಚ್ಚು ಹಾಕಿದವನ ಮನೆ ಬಾಗಿಲು ಸರ್ಕಾರಕ್ಕೆ ಗೊತ್ತಾಗಬೇಕು ಎಂಬುದು ಅದರ ಉದ್ದೇಶ. ಆ ಕಾನೂನು ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು, 2024ರ ಮಾರ್ಚ್ 1ರಂದು ಹೊಸ ಕಾನೂನು ಬರುವವರೆಗೂ ಉಸಿರಾಡಿತು. ಚುನಾವಣೆ ಕರಪತ್ರಕ್ಕಂತೂ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಇವತ್ತಿಗೂ ಇದೆ. ಮುದ್ರಕನ ಹೆಸರು, ವಿಳಾಸ ಬಿಟ್ಟುಹೋದರೆ ಆರು ತಿಂಗಳು ಜೈಲು, ಇಲ್ಲವೇ 2,000 ರೂಪಾಯಿ ದಂಡ, ಇಲ್ಲವೇ ಎರಡೂ. ಚುನಾವಣೆ ಬಂತೆಂದರೆ ನಮ್ಮನ್ನೆಲ್ಲ ಮೀಟಿಂಗಿಗೆ ಕರೆದು ಇದನ್ನು ಓದಿ ಹೇಳುತ್ತಾರೆ.

ಒಪ್ಪಿದೆ. ಅಚ್ಚು ಹಾಕಿದವನು ಹೆಸರು ಹೇಳಬೇಕು. ನಾಲ್ಕಾಣೆಯ ಹ್ಯಾಂಡ್‌ಬಿಲ್ಲಿಗೆ ನಾನು ಹೊಣೆ ಹೊರಬೇಕು. ಆದರೆ ಒಬ್ಬ ಮನುಷ್ಯನನ್ನೇ ಮನೆಯಿಂದ ಎತ್ತಿಕೊಂಡು ಹೋಗುವ ಸರ್ಕಾರ, "ಇಂಥ ಕಾರಣಕ್ಕೆ ಒಯ್ಯುತ್ತಿದ್ದೇವೆ" ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಕೊಡಬೇಡವೇ?

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಪುಸ್ತಕ ಓದಿ ಅಲ್ಲ. 2017ರಲ್ಲಿ ಒಂದು ಸಂಘದ ಹುಡುಗರು ಬಂದು, ಸ್ಥಳೀಯರಿಗೆ ಕೆಲಸ ಕೊಡಿ ಎಂದು ಎರಡು ಸಾವಿರ ಹ್ಯಾಂಡ್‌ಬಿಲ್ಲು ಮಾಡಿಸಿದರು. ಬುಡದಲ್ಲಿ ನನ್ನ ಪ್ರೆಸ್ಸಿನ ಹೆಸರು ಹಾಕಿದ್ದೆ. ಮಾರನೆಯ ಸಂಜೆ ಜೀಪು ಬಂತು. "ಸಾಹೇಬ್ರು ಕರೀತಿದಾರೆ, ಐದು ನಿಮಿಷ ಬಂದು ಹೋಗಿ" ಅಂದರು. ನಾನೂ, ಬಂಡಲ್ ಹೊತ್ತುಕೊಟ್ಟ ನಮ್ಮ ಬೈಂಡಿಂಗ್ ಹುಡುಗನೂ ಹೋದೆವು. ಐದು ನಿಮಿಷ ರಾತ್ರಿ ಹನ್ನೊಂದಾಯಿತು. ಯಾಕೆ ಕರೆಸಿದ್ದೀರಿ ಎಂದರೆ ಉತ್ತರವಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಟೈಪಾದ ಎರಡು ಹಾಳೆ ಮುಂದಿಟ್ಟು, "ಏನಿಲ್ಲ ಸಾರ್, ಬರೀ ಫಾರ್ಮಾಲಿಟಿ, ಸೈನ್ ಮಾಡಿ ಮನೆಗೆ ಹೋಗಿ" ಅಂದರು. ನಾನು ಪಿಯುಸಿ. ಇಂಗ್ಲಿಷಿನಲ್ಲಿ ಪಾಸಾದದ್ದೇ ಮೇಷ್ಟ್ರ ಕೃಪೆ. ಅಕ್ಷರ ಓದಬಲ್ಲೆ, ಅರ್ಥ ಹತ್ತಲಿಲ್ಲ. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು, ಹೊಟ್ಟೆ ಹಸಿದಿತ್ತು, ಸೈನ್ ಹಾಕಿದೆ. ಹುಡುಗನೂ ಹಾಕಿದ.

ಆಮೇಲೆ ವಕೀಲರು ಓದಿ ಹೇಳಿದಾಗ ತಿಳಿಯಿತು. ನನ್ನಿಂದ ಶಾಂತಿಭಂಗವಾಗುವ ಸಂಭವವಿದೆ, ಅದನ್ನು ನಾನೇ ಒಪ್ಪಿದ್ದೇನೆ, ಆದ್ದರಿಂದ ಹಳೆಯ ಸಿಆರ್‌ಪಿಸಿಯ 107ನೇ ಸೆಕ್ಷನ್ನಿನಲ್ಲಿ ಮುಚ್ಚಳಿಕೆ ಬರೆಸಿಕೊಳ್ಳಬೇಕು! ತಿಂಗಳುಗಟ್ಟಲೆ ಕಚೇರಿಗೆ ಅಲೆದೆ. ಪ್ರತಿ ವಾಯಿದೆಗೂ ಅರ್ಧ ದಿನದ ಕೆಲಸ ಹಾಳು. ಹುಡುಗನ ಅಪ್ಪ ಅವನನ್ನು ಊರಿಗೆ ಕರೆದುಕೊಂಡು ಹೋದರು. ಒಳ್ಳೆಯ ಕೈಗಾರ, ಮತ್ತೆ ಬರಲಿಲ್ಲ.

ಆ ರಾತ್ರಿಯ ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ಅದು ಕಳ್ಳತನ. ನಮ್ಮ ಪಕ್ಕದ ಬೆಂಚಿನ ಮೇಲೆ ಒಬ್ಬ ಒಡಿಶಾದ ಹುಡುಗ ಕೂತಿದ್ದ. ಕಟ್ಟಡದ ಕೆಲಸದವನು, ಕಬ್ಬಿಣ ಕದ್ದ ಎಂಬ ಅನುಮಾನ. ಅವನ ಮುಂದೆಯೂ ಒಂದು ಹಾಳೆ ಇಟ್ಟರು. ಅದು ಅಚ್ಚ ಕನ್ನಡದಲ್ಲಿತ್ತು. ನಾನು ನೋಡಿದೆ, ಕೈಬರಹ ಮುತ್ತಿನಂತಿತ್ತು. ಆ ಹುಡುಗ ನಾನು ಇಂಗ್ಲಿಷ್ ಹಾಳೆ ನೋಡಿದ ಹಾಗೆಯೇ ಅದನ್ನು ನೋಡಿದ, ನಾನು ಸೈನ್ ಹಾಕಿದ ಹಾಗೆಯೇ ಹೆಬ್ಬೆಟ್ಟು ಒತ್ತಿದ. ಆಮೇಲೆ ಅವನೇನಾದ ಎಂದು ನಾನು ವಿಚಾರಿಸಲಿಲ್ಲ. ನನ್ನ ತಲೆಬಿಸಿ ನನಗಾಗಿತ್ತು.

ಈಗ ಕಾನೂನಿಗೆ ಬರೋಣ. ಸಂವಿಧಾನದ 22ನೇ ವಿಧಿ 1950ರಿಂದ ಹೇಳುತ್ತಾ ಬಂದಿದೆ: ಬಂಧಿಸಿದವನಿಗೆ ಆದಷ್ಟು ಬೇಗ ಕಾರಣ ತಿಳಿಸಬೇಕು, ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತಿಳಿಸಬೇಕು ಸರಿ, ಯಾವ ಭಾಷೆಯಲ್ಲಿ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟು 1962ರಲ್ಲೇ ಉತ್ತರ ಕೊಟ್ಟಿತ್ತು. ನಾಗಪುರದ ಹರಿಕಿಸನ್ ಎಂಬವರನ್ನು ಮುನ್ನೆಚ್ಚರಿಕೆ ಬಂಧನ ಕಾಯ್ದೆಯಲ್ಲಿ ಒಳಗೆ ಹಾಕಿ, ಕಾರಣಗಳನ್ನು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವರು ಕೇಳಿದರು. ಆಡಳಿತ ಭಾಷೆ ಇಂಗ್ಲಿಷು, ಕೊಡುವುದಿಲ್ಲ ಎಂದರು ಅಧಿಕಾರಿಗಳು. ಸುಪ್ರೀಂ ಕೋರ್ಟು ಆ ಬಂಧನವನ್ನೇ ತಳ್ಳಿಹಾಕಿತು. ಕಾಗದ ಕೈಗೆ ಕೊಟ್ಟು ಬಾಯಲ್ಲಿ ತರ್ಜುಮೆ ಮಾಡಿ ಹೇಳಿದರೆ ಸಾಲದು, ಅವನಿಗೆ ತಿಳಿಯುವ ಭಾಷೆಯಲ್ಲಿ, ಅವನು ಓದುವ ಲಿಪಿಯಲ್ಲಿ ಇರಬೇಕು ಎಂದಿತು. 1981ರಲ್ಲಿ ಒಬ್ಬ ಗುಜರಾತಿಯ ಮೊಕದ್ದಮೆಯಲ್ಲಿ "ಇನ್ಸ್‌ಪೆಕ್ಟರು ಗುಜರಾತಿಯಲ್ಲಿ ಪೂರ್ತಿ ವಿವರಿಸಿದ್ದಾರೆ" ಎಂದು ಸರ್ಕಾರ ವಾದಿಸಿತು. ಆ ವಾದವೂ ನಿಲ್ಲಲಿಲ್ಲ.

ಇದು ಮುನ್ನೆಚ್ಚರಿಕೆ ಬಂಧನದ ಮಾತಾಯಿತು. ದಿನಾ ನಡೆಯುವ ಮಾಮೂಲಿ ಬಂಧನಕ್ಕೆ? ಅಲ್ಲಿ ದಶಕಗಟ್ಟಲೆ ಬಾಯಿಮಾತೇ ನಡೆಯಿತು. ಇ.ಡಿ.ಯವರು ಬಂಧಿಸಿದರೆ ಕಾರಣ ಬರೆದು ಕೊಡಲೇಬೇಕು ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. 2024ರಲ್ಲಿ ಯುಎಪಿಎಗೂ ಅದೇ ಮಾತು ಹೇಳಿತು. ಕಡೆಗೆ 2025ರ ನವೆಂಬರ್ 6ರಂದು, ಮುಂಬೈನ ಒಂದು ಕಾರು ಅಪಘಾತದ ಮೊಕದ್ದಮೆಯಲ್ಲಿ, ಆಗಿನ ಮುಖ್ಯ ನ್ಯಾಯಮೂರ್ತಿ ಗವಾಯಿ ಮತ್ತು ನ್ಯಾಯಮೂರ್ತಿ ಮಸೀಹ್ ಅವರ ಪೀಠ ಬಾಗಿಲು ಪೂರ್ತಿ ತೆರೆಯಿತು. ಯಾವ ಕಾನೂನಿರಲಿ, ಯಾವ ಅಪರಾಧವಿರಲಿ, ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಸ್ಥಳದಲ್ಲೇ ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳಲಿ, ಆದರೆ ರಿಮಾಂಡಿಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಕಾಗದ ಅವನ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನವೂ ಅಕ್ರಮ, ರಿಮಾಂಡೂ ಅಕ್ರಮ. ಬಡವನ ಹಕ್ಕು ಕೆಲವು ಸಲ ಸಿರಿವಂತರ ಕಾರು ಹತ್ತಿಯೇ ಬರಬೇಕೇನೋ, ಇರಲಿ. ಬಂತಲ್ಲ.

ನಮ್ಮ ನಾಡಿನವರಿಗೆ ಈ ವಿಷಯ ಇನ್ನೊಂದು ದಾರಿಯಲ್ಲೂ ಗೊತ್ತಿದೆ. ನಟ ದರ್ಶನ್ ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ಜಾಮೀನು ಕೊಡುವಾಗ, ಬಂಧನದ ಕಾರಣ ಕೂಡಲೇ ಬರೆದು ಕೊಟ್ಟಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆ ಜಾಮೀನು ರದ್ದು ಮಾಡಿತು, ಆ ಲೋಪದಿಂದ ಆರೋಪಿಗೆ ತೊಂದರೆಯಾಗಿದೆ ಎಂದು ತೋರಿಸಿಲ್ಲ ಎಂದಿತು. ಆಗ ಟೀ ಅಂಗಡಿಯಲ್ಲಿ ಅಭಿಮಾನಿಗಳು ಒಂದು ಕಡೆ, ವಿರೋಧಿಗಳು ಇನ್ನೊಂದು ಕಡೆ ಕೂತು ಕೂಗಾಡಿದರು. ಆ ಕಾಗದ ಎಂದರೇನು, ನಮ್ಮಂಥವರಿಗೆ ಅದು ಯಾಕೆ ಬೇಕು ಎಂದು ಒಬ್ಬರೂ ಕೇಳಲಿಲ್ಲ. ಸ್ಟಾರ್‌ಗಳಿಗೆ ದೊಡ್ಡ ವಕೀಲರಿದ್ದಾರೆ. ಕಾಗದ ಬೇಕಾಗಿರುವುದು ವಕೀಲರಿಲ್ಲದವನಿಗೆ.

ಯಾಕೆ ಬೇಕು ಎಂದರೆ, ಕಾಗದವೇ ಇಲ್ಲದ ಕಾಲವನ್ನು ನಮ್ಮ ಬೆಂಗಳೂರು ಕಂಡಿದೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಆ ತಿಂಗಳು ಮುಗಿಯುವುದರೊಳಗೇ ಸುಗ್ರೀವಾಜ್ಞೆ ತಂದು ಮೀಸಾ ಕಾಯ್ದೆಗೆ 16ಎ ಸೇರಿಸಿದರು. ಅದರ ಸಾರಾಂಶ ಒಂದೇ: ಒಳಗೆ ಹಾಕಿದವನಿಗೆ ಕಾರಣ ಹೇಳಬೇಕಾಗಿಲ್ಲ! ನೋಡಿ, ಸರ್ವಾಧಿಕಾರ ಮೊದಲು ಕೈ ಹಾಕಿದ್ದು ಯಾವುದಕ್ಕೆ? ಲಾಠಿಗಲ್ಲ, ಬಂದೂಕಿಗಲ್ಲ. ಈ ಕಾಗದಕ್ಕೆ.

1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಎತ್ತಿಕೊಂಡು ಹೋದರು. ಮ್ಯಾಜಿಸ್ಟ್ರೇಟರ ಮುಂದೆ ತಂದದ್ದು ದಿನಗಟ್ಟಲೆ ಕಳೆದ ಮೇಲೆ. ಆ ನಡುವಿನ ದಿನಗಳಲ್ಲಿ ಅವರು ಎಲ್ಲಿದ್ದರು ಎಂದು ಯಾವ ಕಾಗದವೂ ಹೇಳಲಿಲ್ಲ, ಮೈಮೇಲಿನ ಏಟುಗಳು ಹೇಳಿದವು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಅದೇ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಐದು ದಿನಕ್ಕೆ, ಜನವರಿ 20ರಂದು, ತೀರಿಕೊಂಡರು. ಆ ತಾಯಿಯ ಮೇಲಿನ ಆರೋಪ ಯಾವ ಕೋರ್ಟಿನಲ್ಲೂ ಸಾಬೀತಾಗಲಿಲ್ಲ.

ಆಗಲೂ ನಮ್ಮ ಕರ್ನಾಟಕ ಹೈಕೋರ್ಟು ತಲೆ ತಗ್ಗಿಸಲಿಲ್ಲ ಎಂಬುದು ಹೆಮ್ಮೆಯ ವಿಷಯ. ಬೆಂಗಳೂರಿನಲ್ಲೇ ಸೆರೆಯಾಗಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮುಂತಾದವರ ಅರ್ಜಿಗಳನ್ನು ಕೇಳುತ್ತೇವೆ ಎಂದಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್, ಎಂ. ಸದಾನಂದಸ್ವಾಮಿ ಇಬ್ಬರಿಗೂ ದೂರದ ರಾಜ್ಯಗಳಿಗೆ ವರ್ಗವಾಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ಬಡಿಯುವ ಹಕ್ಕಿಲ್ಲ ಎಂದು ತೀರ್ಪಿತ್ತರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ಬರೆದರು, ಮುಖ್ಯ ನ್ಯಾಯಮೂರ್ತಿ ಹುದ್ದೆ ಕಳೆದುಕೊಂಡರು. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಿ ರದ್ದು ಮಾಡಲು 2017ರ ಆಗಸ್ಟ್ 24 ಬರಬೇಕಾಯಿತು. ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹಾಕಿದ್ದ ಮೊಕದ್ದಮೆಯಲ್ಲಿ. ನಾಲ್ಕು ದಶಕ!

ತುರ್ತುಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ 1978ರಲ್ಲಿ 44ನೇ ತಿದ್ದುಪಡಿ ತಂದಿತು. ಮುನ್ನೆಚ್ಚರಿಕೆ ಬಂಧನದಲ್ಲಿ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಇಟ್ಟುಕೊಳ್ಳುವ ಅವಧಿ ಮೂರು ತಿಂಗಳಿನಿಂದ ಎರಡಕ್ಕೆ ಇಳಿಯಬೇಕು ಎಂದು ಅದರಲ್ಲಿದೆ. ಪಾರ್ಲಿಮೆಂಟು ಪಾಸು ಮಾಡಿತು, ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದರೆ ಆ ಭಾಗವನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬೀಳಲೇ ಇಲ್ಲ. ಜನತಾ ಬಂತು, ಕಾಂಗ್ರೆಸ್ ಬಂತು, ರಂಗಗಳು ಬಂದವು, ಬಿಜೆಪಿ ಬಂತು. ಮೀಸಾದಲ್ಲಿ ಜೈಲು ಕಂಡವರೇ ದೆಹಲಿಯ ಗದ್ದುಗೆಯ ಮೇಲೆ ಕೂತರು. ಒಬ್ಬರೂ ಆ ಒಂದು ಹಾಳೆಗೆ ಸೈನ್ ಹಾಕಲಿಲ್ಲ. ಜೂನ್ 25 ಬಂದರೆ ಮಾತ್ರ ಭಾಷಣಕ್ಕೆ ಬರವಿಲ್ಲ.

ಸರ್ಕಾರದ ಕೈ ಈಗ ಇನ್ನೂ ಉದ್ದವಾಗಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಕಾನೂನುಗಳನ್ನೇ ನೋಡಿ. ಹೆಸರು ಹಿಂದಿ, ಒಳಗಿನ ಪಾಠ ಇಂಗ್ಲಿಷು, ಜಾರಿ ಮಾಡಬೇಕಾದ ನಮ್ಮ ಕಾನ್ಸ್‌ಟೇಬಲ್ಲು ಕನ್ನಡದವನು! ಅವನೇ ಆ ಹೆಸರನ್ನು ನಾಲಿಗೆ ತಿರುಗಿಸಿ ಹೇಳಲಾರ. ಇರಲಿ, ಹೆಸರಿಗಿಂತ ಹೂರಣ ಮುಖ್ಯ. ಹಳೆಯ ಸಿಆರ್‌ಪಿಸಿಯಲ್ಲಿ ಪೊಲೀಸ್ ಕಸ್ಟಡಿ ಮೊದಲ 15 ದಿನದೊಳಗೆ ಮುಗಿಯಬೇಕು ಎಂಬ ಅರ್ಥ ನಡೆದುಬಂದಿತ್ತು. ಈಗ 187ನೇ ಸೆಕ್ಷನ್ನಿನಲ್ಲಿ ಆ ಹದಿನೈದನ್ನು ಬಿಡಿಬಿಡಿಯಾಗಿ, ಅಪರಾಧಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನದೊಳಗೆ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಹೋಗಿದ್ದೇನೆ, ಇನ್ನು ಠಾಣೆಯ ಕಾಟವಿಲ್ಲ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ.

172ನೇ ಸೆಕ್ಷನ್ನು ನಮ್ಮ ಹೋರಾಟಗಾರರು ಬಾಯಿಪಾಠ ಮಾಡಬೇಕಾದದ್ದು. ಅಪರಾಧ ತಡೆಯುವ ಕೆಲಸದಲ್ಲಿರುವ ಪೊಲೀಸರು ಕೊಟ್ಟ ಕಾನೂನುಬದ್ಧ ಸೂಚನೆಯನ್ನು ಪಾಲಿಸದವರನ್ನು, ಅಷ್ಟೇ ಏಕೆ, ಕಿವಿಗೆ ಹಾಕಿಕೊಳ್ಳದವರನ್ನೂ ಹಿಡಿದಿಟ್ಟುಕೊಳ್ಳಬಹುದು. ಸಣ್ಣ ಪ್ರಕರಣವಾದರೆ ಮ್ಯಾಜಿಸ್ಟ್ರೇಟರ ಮುಖವನ್ನೇ ತೋರಿಸದೆ 24 ಗಂಟೆಯೊಳಗೆ ಬಿಡಬಹುದು. ಬಸ್ಸಿಗೆ ತುಂಬಿಕೊಂಡು ಹೋಗಿ ಸಂಜೆ ಬಿಡುವ ಆಟ ನಮಗೆ ಹೊಸದಲ್ಲ. ಎಷ್ಟು ಸಲ ಹೋಗಿದ್ದೇವೋ! ಆದರೆ ಆಗ ಅದು ಪೊಲೀಸರ ರೂಢಿಯಾಗಿತ್ತು, ಈಗ ಪುಸ್ತಕದಲ್ಲೇ ಸೇರಿದೆ. ಹಿಡಿದಿಟ್ಟುಕೊಂಡದ್ದು ಬಂಧನವೋ ಅಲ್ಲವೋ? ಬಂಧನವಾದರೆ ಕಾಗದವೆಲ್ಲಿ? ಅಲ್ಲವಾದರೆ ಎದ್ದು ಮನೆಗೆ ಹೋಗಲು ಯಾಕೆ ಬಿಡುವುದಿಲ್ಲ?

2022ರ ಇನ್ನೊಂದು ಕಾನೂನಿದೆ. ಬಂಧಿತರ ಬೆರಳಚ್ಚು, ಫೋಟೋ ಮಾತ್ರವಲ್ಲ, ಕಣ್ಣಿನ ಪಾಪೆಯ ಗುರುತನ್ನೂ ತೆಗೆದುಕೊಂಡು 75 ವರ್ಷ ಇಟ್ಟುಕೊಳ್ಳಬಹುದು. ಮೊದಲು ಶಿಕ್ಷೆಯಾಗದವನು ಬಿಡುಗಡೆಯಾದರೆ ಅಳಿಸಬೇಕು ಎಂದೂ ಅದರಲ್ಲಿದೆ, ಇಲ್ಲ ಎನ್ನುವುದಿಲ್ಲ. ಅಳಿಸಿದರೆಂದು ನೋಡಿದವರಾರು? ನನ್ನ ಕಣ್ಣಿನ ಪಾಪೆ ಅವರ ಕಡತದಲ್ಲಿ 75 ವರ್ಷ ಇರಬಹುದು, ಅವರ ನಾಲ್ಕು ಸಾಲಿನ ಕಾಗದ ನನ್ನ ಜೇಬಿನಲ್ಲಿ ಒಂದು ದಿನ ಇರಬಾರದೇ?

ಎಲ್ಲ ದೆಹಲಿಯವರದ್ದೇ ತಪ್ಪು ಎಂದು ಕೈ ತೊಳೆದುಕೊಳ್ಳುವುದೂ ಬೇಡ. ಗೂಂಡಾ ಕಾಯ್ದೆ 1985ರಲ್ಲಿ ನಮ್ಮದೇ ವಿಧಾನಸೌಧದಲ್ಲಿ ಹುಟ್ಟಿದ್ದು. ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಗಡಿಪಾರಿನ ಅಧಿಕಾರ ನಮ್ಮದೇ 1963ರ ಪೊಲೀಸ್ ಕಾಯ್ದೆಯಲ್ಲಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆಲ್ಲ 144 ಹಾಕಿ, ಟೌನ್‌ಹಾಲ್ ಮುಂದೆ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದದ್ದು ನಮ್ಮ ಪೊಲೀಸರೇ. ಆ 144 ಆದೇಶ ಕಾನೂನುಬಾಹಿರ ಎಂದು 2020ರ ಫೆಬ್ರವರಿಯಲ್ಲಿ ಹೈಕೋರ್ಟು ಹೇಳಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಆಮೇಲೆ 2021ರ ಆದೇಶ ಬಂತು, ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡುವುದಿದ್ದರೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಫ್ರೀಡಂ ಪಾರ್ಕು ಎಂದರೇನು? ಸ್ನೇಹಲತಾ ಅವರನ್ನಿಟ್ಟಿದ್ದ ಅದೇ ಹಳೆಯ ಸೆಂಟ್ರಲ್ ಜೈಲು! ಸ್ವಾತಂತ್ರ್ಯ ಬೇಕಾದವರು ಜೈಲಿನ ಅಂಗಳಕ್ಕೇ ಬಂದು ಕೂಗಬೇಕು.

2023ರ ಡಿಸೆಂಬರ್ 27ರಂದು ನಾಮಫಲಕ ಹೋರಾಟದಲ್ಲಿ ಕರವೇ ನಾರಾಯಣಗೌಡರನ್ನೂ ಕಾರ್ಯಕರ್ತರನ್ನೂ ಹಿಡಿದು ಜೈಲಿಗೆ ಕಳಿಸಿದಾಗ ನಮ್ಮವರ ರಕ್ತ ಕುದಿಯಿತು. ಕುದಿಯಬೇಕಾದದ್ದೇ. ಗಾಜು ಒಡೆದವನ ಮೇಲೆ ಕೇಸು ಹಾಕಲಿ, ಬೇಡ ಎನ್ನುವುದಿಲ್ಲ. ಯಾರು ಯಾವ ಗಾಜು ಒಡೆದರು ಎಂದು ಬರೆದು ಹಾಕಲಿ.

ಇಲ್ಲಿಗೆ ಬಂದಾಗ ನಮ್ಮ ಬಳಗಕ್ಕೆ ಒಂದು ಕಹಿ ಮಾತು ಹೇಳಬೇಕಿದೆ. ಕೋಪ ಮಾಡಿಕೊಳ್ಳಬೇಡಿ, ಅಥವಾ ಮಾಡಿಕೊಳ್ಳಿ, ಪೂರ್ತಿ ಓದಿ. 2000ದ ಜುಲೈ 30ರಂದು ಅಣ್ಣಾವ್ರನ್ನು ವೀರಪ್ಪನ್ ಅಪಹರಿಸಿದ. 108 ದಿನ ನಾಡೇ ಉಸಿರು ಬಿಗಿಹಿಡಿದಿತ್ತು. ಅವನ ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಿನಲ್ಲಿದ್ದ ಟಾಡಾ ಕೈದಿಗಳ ಬಿಡುಗಡೆ. ಆಗ ನಾನು ಸಣ್ಣ ಹುಡುಗ, ರಸ್ತೆಗಿಳಿದು ಕೂಗಿದವರಲ್ಲಿ ಒಬ್ಬ. ಟಾಡಾ ಕೈದಿಗಳೆಂದರೆ ಎಲ್ಲರೂ ಕಾಡುಗಳ್ಳರು, ಕೊಲೆಗಡುಕರು ಎಂದೇ ನಮ್ಮ ತಲೆಯಲ್ಲಿತ್ತು. ಕೊಲೆಗಡುಕನೊಬ್ಬ ಒತ್ತೆಯಿಟ್ಟು ಕೇಳಿದಾಗ ಬಿಡಬಾರದು ಎಂದು ಸುಪ್ರೀಂ ಕೋರ್ಟು ತಡೆದದ್ದೂ ಸರಿಯೇ. ಆದರೆ 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ಏನಾಯಿತು? ಕೆಲವರಿಗೆ ಶಿಕ್ಷೆಯಾಯಿತು. ಹೆಚ್ಚಿನವರು ನಿರ್ದೋಷಿಗಳೆಂದು ಹೊರಬಂದರು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳ ಬಡವರು, ಹೆಂಗಸರೂ ಇದ್ದರು, ಏಳೆಂಟು ವರ್ಷ ಜೈಲಿನಲ್ಲಿ ಕೊಳೆತಿದ್ದರು. ಟಾಡಾ ಕಾಯ್ದೆಯೇ 1995ರಲ್ಲಿ ಸತ್ತಿತ್ತು, ಕೈದಿಗಳು ಮಾತ್ರ ಒಳಗೇ ಇದ್ದರು. ವಿಶೇಷ ಪಡೆಯವರು ಯಾವ ದಾಖಲೆಯೂ ಇಲ್ಲದೆ ಜನರನ್ನು ಹಿಡಿದಿಟ್ಟು ಹಿಂಸಿಸಿದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಿತು. 2007ರಲ್ಲಿ ಮಾನವ ಹಕ್ಕು ಆಯೋಗ ಪರಿಹಾರ ಕೊಡಿ ಎಂದಿತು. ಅವರಲ್ಲಿ ಅನೇಕರ ಮನೆಮಾತು ತಮಿಳು. ಅದಕ್ಕೇ ಇರಬೇಕು, ನಮ್ಮಂಥ ಪತ್ರಿಕೆಗಳು ಅವರ ಬಗ್ಗೆ ಬರೆದದ್ದು ನನಗೆ ನೆನಪಿಲ್ಲ.

ಆ ಒಡಿಶಾದ ಹುಡುಗನ ಮುಂದಿಟ್ಟ ಕನ್ನಡ ಹಾಳೆಯೂ ನನಗೆ ಕಾಡುವುದು ಇದೇ ಕಾರಣಕ್ಕೆ. ಕರ್ನಾಟಕದ ಆಡಳಿತ ಕನ್ನಡದಲ್ಲಿ ನಡೆಯಬೇಕು, ಅದರಲ್ಲಿ ಒಂದು ಅಕ್ಷರವನ್ನೂ ಬಿಡುವುದಿಲ್ಲ. ಠಾಣೆಯ ಡೈರಿ ಕನ್ನಡದಲ್ಲಿರಲಿ, ಎಫ್‌ಐಆರ್ ಕನ್ನಡದಲ್ಲಿರಲಿ. ಬಹಳಷ್ಟು ಠಾಣೆಗಳಲ್ಲಿ ಇದೆ ಕೂಡ, ಅದಕ್ಕೆ ಪೊಲೀಸರನ್ನು ಮೆಚ್ಚಬೇಕು. ಆದರೆ ಬಂಧನದ ಕಾರಣ ತಿಳಿಸುವ ಕಾಗದ ಆಡಳಿತದ ಕಾಗದವಲ್ಲ. ಅದು ಬಂಧಿತನ ಕಾಗದ. ಅವನ ಭಾಷೆಯೇ ಅದರ ಭಾಷೆ. ಹರಿಕಿಸನ್ ಅವರಿಗೆ "ಆಡಳಿತ ಭಾಷೆ ಇಂಗ್ಲಿಷು" ಎಂದ ಅಧಿಕಾರಿಗೂ, ಒಡಿಶಾದ ಹುಡುಗನಿಗೆ ಕನ್ನಡ ಹಾಳೆ ಇಟ್ಟವರಿಗೂ ವ್ಯತ್ಯಾಸವೇನು? ಗೋವಾದಲ್ಲಿ, ಮುಂಬೈಯಲ್ಲಿ ಗಾರೆ ಕೆಲಸ ಮಾಡುವ ನಮ್ಮ ಉತ್ತರ ಕರ್ನಾಟಕದ ಲಕ್ಷಾಂತರ ಜನರಿದ್ದಾರೆ. ನಾಳೆ ಅಲ್ಲಿ ಯಾವನೋ ಪೊಲೀಸ್ ನಮ್ಮ ವಿಜಯಪುರದ ಹುಡುಗನ ಮುಂದೆ ಕೊಂಕಣಿ, ಮರಾಠಿ ಹಾಳೆ ಇಟ್ಟರೆ ಯಾವ ಬಾಯಿಂದ ಕೇಳುತ್ತೀರಿ?

"ಕಳ್ಳರಿಗೆಲ್ಲ ಅವರವರ ಭಾಷೆಯಲ್ಲಿ ಕಾಗದ ಬರೆಯುತ್ತಾ ಕೂತರೆ ಪೊಲೀಸರು ಕಳ್ಳರನ್ನು ಹಿಡಿಯುವುದು ಯಾವಾಗ?" ಎಂದು ನನ್ನ ಭಾಮೈದ ಕೇಳಿದ. ಅವನೂ ಇಲಾಖೆಯವನೇ, ಹೆಡ್ ಕಾನ್ಸ್‌ಟೇಬಲ್ಲು. ಅವನ ಕಷ್ಟ ಸುಳ್ಳಲ್ಲ. ಠಾಣೆಯಲ್ಲಿ ಜನವಿಲ್ಲ, ಹಬ್ಬ ಬಂದರೆ ರಜವಿಲ್ಲ, ಬಂದೋಬಸ್ತಿಗೆ ನಿಂತರೆ ಕಾಲು ಸೋಲುತ್ತದೆ, ಒಡಿಯಾ ಬರೆಯುವವನನ್ನು ಎಲ್ಲಿಂದ ತರುವುದು? ನಾನು ಅವನಿಗೆ ಹೇಳಿದ್ದು ಇಷ್ಟೇ. ಮದುವೆ ಕಾಗದಕ್ಕೆ ನಾವು ಪ್ರತಿ ಸಲ ಹೊಸದಾಗಿ ಬರೆಯುತ್ತೇವೇನು? ಒಕ್ಕಣೆ ಸಿದ್ಧವಿರುತ್ತದೆ, ಹೆಸರು, ದಿನ, ಛತ್ರ ಬದಲಾಯಿಸುತ್ತೇವೆ. ಬಂಧನದ ಕಾಗದಕ್ಕೂ ಒಕ್ಕಣೆ ಮಾಡಿಡಿ. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಬಂಗಾಳಿ, ಒಡಿಯಾ. ಕಾನೂನಿನ ಸೆಕ್ಷನ್ನು, ಏನು ಮಾಡಿದನೆಂಬ ಆರೋಪ, ಎಲ್ಲಿ, ಯಾವಾಗ, ಬಂಧಿಸಿದವರ ಹೆಸರು. ಈ ಖಾಲಿ ಜಾಗಗಳಲ್ಲಿ ಎರಡು ಮೂರು ಸಾಲು ತುಂಬಿಸಲು ಅದೇ ಭಾಷೆ ಬಲ್ಲ ಒಬ್ಬರನ್ನು ಫೋನಿನಲ್ಲಿ ಹಿಡಿದರೂ ಆಗುತ್ತದೆ. ಓದು ಬಾರದವನಿಗೆ ಸಾಕ್ಷಿಯ ಎದುರು ಓದಿ ಹೇಳಿ. ಭಾಮೈದ ಸುಮ್ಮನೆ ಕಾಫಿ ಕುಡಿದ. ಹೋಗುವಾಗ, "ಮೇಲಿನಿಂದ ಫಾರಂ ಬಂದ್ರೆ ನಾವೇನು ಬೇಡ ಅಂತೀವಾ ಭಾವ" ಅಂದ.

ಮೇಲಿನವರೇ ಉತ್ತರಿಸಬೇಕು. ತೀರ್ಪು ಬಂದ ಮೇಲೆ ಎಲ್ಲ ರಾಜ್ಯಗಳಿಗೂ ಅದು ಅನ್ವಯಿಸುತ್ತದೆ, ಇವರ ಅನುಮತಿ ಬೇಕಿಲ್ಲ. ಮಾನ್ಯ ಗೃಹ ಸಚಿವರು ವಿಧಾನಮಂಡಲದಲ್ಲಿ ನಿಂತು, ರಾಜ್ಯದ ಪ್ರತಿ ಠಾಣೆಯಲ್ಲೂ ಈ ಫಾರಂ ಇದೆ ಎಂದು ಹೇಳಲಿ. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡಿರುವ ಇ.ಡಿ., ಎನ್‌ಐಎ, ಸಿಬಿಐ, ಕಸ್ಟಮ್ಸ್‌ನವರು ಕನ್ನಡಿಗನನ್ನು ಹಿಡಿದರೆ ಕನ್ನಡದಲ್ಲಿ ಕಾಗದ ಕೊಡಲೇಬೇಕು ಎಂದು ನಮ್ಮ ಸಂಸದರು ಅಲ್ಲಿ ಕೇಳಲಿ. ಫಾರಂ ಅಚ್ಚು ಹಾಕುವ ಟೆಂಡರು ನನಗೇ ಕೊಡಿ ಎಂದು ನಾನು ಕೇಳುತ್ತಿಲ್ಲ, ಸರ್ಕಾರಿ ಮುದ್ರಣಾಲಯವೇ ಇದೆ.

ಅಲ್ಲಿಯವರೆಗೆ ಕಾಯುವುದು ಬೇಡ ಎಂದು ನಾವೊಂದು ಕೆಲಸ ಮಾಡಿದ್ದೇವೆ. ಈ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಚೀಟಿ ಇದೆ, ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. "ನನ್ನನ್ನು ಯಾವ ಕಾರಣಕ್ಕೆ ಬಂಧಿಸಿದ್ದೀರಿ ಎಂದು ನನಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಿ. ನನ್ನ ಮನೆಯವರಿಗೆ ತಿಳಿಸಿ. ನನ್ನ ವಕೀಲರನ್ನು ಕಾಣಲು ಬಿಡಿ. ಓದಿ ಅರ್ಥವಾಗದ ಕಾಗದಕ್ಕೆ ನಾನು ಸೈನ್ ಹಾಕುವುದಿಲ್ಲ" ಎಂದು ಒಂದು ಬದಿಯಲ್ಲಿ ಕನ್ನಡದಲ್ಲಿದೆ. ಇನ್ನೊಂದು ಬದಿಯಲ್ಲಿ ಅದೇ ನಾಲ್ಕು ಮಾತು ಹಿಂದಿಯಲ್ಲಿ, ತಮಿಳಿನಲ್ಲಿ, ಒಡಿಯಾದಲ್ಲಿ ಇದೆ. ಒಡಿಯಾ ಪ್ರೂಫ್ ನೋಡಿಕೊಟ್ಟವರು ನಮ್ಮ ಬೀದಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು. ಎರಡು ತಪ್ಪು ತಿದ್ದಿದರು, ದುಡ್ಡು ಕೊಟ್ಟರೆ ಬೇಡವೆಂದರು. ನಿಮಗೆ ಗೊತ್ತಿರುವ ಹೊರ ರಾಜ್ಯದ ಕೆಲಸದವರಿದ್ದರೆ ಒಂದು ಪ್ರತಿ ಅವರಿಗೂ ಕೊಡಿ. ಹೆಚ್ಚು ಬೇಕಾದವರು ಪ್ರೆಸ್ಸಿಗೆ ಬಂದು ಒಯ್ಯಬಹುದು, ದುಡ್ಡಿಲ್ಲ. ಚೀಟಿಯ ಬುಡದಲ್ಲಿ, ಸಣ್ಣ ಅಕ್ಷರದಲ್ಲಿ, ಮುದ್ರಕನ ಹೆಸರೂ ವಿಳಾಸವೂ ಇವೆ.